ಹತ್ತು–ಬಿಡಿ ಕಲಿಸಲು ಮೆಕ್ಕೆಜೋಳವೋ, ಕಡ್ಡಿಕಟ್ಟೋ, ನಾಣ್ಯವೋ?

ಎರಡನೇ ತರಗತಿಯ ಮಗುವಿಗೆ ಮನೆಯಲ್ಲೇ ಸ್ಥಾನಬೆಲೆ ಕಲಿಸಲು ಮೂರೂ ನಡೆಯುತ್ತವೆ. ಮಗು ಎಲ್ಲಿ ಎಡವುತ್ತಿದೆ ಎಂದು ನೋಡಿ ಆರಿಸಿ.

ಖರ್ಚು ನೋಡಿದರೆ ಮೆಕ್ಕೆಜೋಳ. ದಾವಣಗೆರೆ ಸುತ್ತ ಒಂದು ಬೊಗಸೆ ಕಾಳಿಗೆ ಯಾರೂ ದುಡ್ಡು ಕೇಳುವುದಿಲ್ಲ. 20ರವರೆಗೆ ಎಣಿಸಲು ಸಾಕು. ಸರಿಯಾಗಿ ಒಣಗದಿದ್ದರೆ ಹುಳು ಬೀಳುತ್ತದೆ. ಔಷಧ ಸವರಿದ ಬಣ್ಣದ ಬಿತ್ತನೆ ಬೀಜವನ್ನಂತೂ ಮಕ್ಕಳ ಕೈಗೆ ಕೊಡಲೇಬೇಡಿ. ಪುಟ್ಟ ತಮ್ಮ, ತಂಗಿ ಇರುವ ಮನೆಗೆ ಕಾಳೇ ಬೇಡ, ಮೂಗಿಗೆ ತುರುಕಿಕೊಳ್ಳುತ್ತಾರೆ.

ಕಳೆಯುವ ಲೆಕ್ಕದಲ್ಲಿ ತಡವರಿಸುವ ಮಗುವಿಗೆ ಕಡ್ಡಿಯೇ ಸರಿ: 100 ಐಸ್‌ಕ್ರೀಂ ಕಡ್ಡಿ, 10 ರಬ್ಬರ್ ಬ್ಯಾಂಡ್. ಪೊರಕೆ ಕಡ್ಡಿ ಪುಕ್ಕಟೆ, ಆದರೆ ಚುಚ್ಚುತ್ತದೆ, ಬೇಗ ಮುರಿಯುತ್ತದೆ. 42ರಲ್ಲಿ 17 ಕಳೆಯಬೇಕೆನ್ನಿ. ಹತ್ತು ಹತ್ತು ಕಡ್ಡಿಯ 4 ಕಟ್ಟು, 2 ಬಿಡಿ ಇಡಿಸಿ. 2ರಲ್ಲಿ 7 ಹೋಗದು. ಒಂದು ಕಟ್ಟು ಬಿಚ್ಚಿದರೆ 3 ಕಟ್ಟು, 12 ಬಿಡಿ. 7 ಬಿಡಿ, 1 ಕಟ್ಟು ತೆಗೆದರೆ ಉಳಿದದ್ದು 25. ಕಟ್ಟನ್ನು ಮಗುವೇ ಬಿಚ್ಚಲಿ. ನಾವು ಬಿಚ್ಚಿಕೊಟ್ಟರೆ ಆ ಹತ್ತು ಎಲ್ಲಿಂದ ಬಂತೆಂದು ಅದಕ್ಕೆ ಹೊಳೆಯುವುದಿಲ್ಲ.

10 ರೂಪಾಯಿ ನಾಣ್ಯದೊಳಗೆ ಹತ್ತು ಒಂದುಗಳು ಕಣ್ಣಿಗೆ ಕಾಣವು. ಆದ್ದರಿಂದ ನಾಣ್ಯ, ಕಟ್ಟು ಬಿಚ್ಚಲು ಕಲಿತವರಿಗೆ ಮಾತ್ರ. ಅವರಿಗೆ ಮಂಡಕ್ಕಿ ತರಲು 50 ರೂಪಾಯಿ ಕೊಟ್ಟು, ಬರಬೇಕಾದ ಚಿಲ್ಲರೆಯನ್ನು ಮೊದಲೇ ಹೇಳಿಸಿ.