ಒಂದೇ ಗಿಟಾರ್, ನಾಲ್ಕು ಪಿಕ್‌ಗಾರ್ಡ್

ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ನಮ್ಮ ಆರ್ಕೆಸ್ಟ್ರಾಗೆ ಬಿಡುವಿಲ್ಲ. ಒಂದೇ ರಾತ್ರಿ ಹಳೇ ಹಾಡಿಗೆ ತಿಳಿಯಾದ ಸಣ್ಣ ಸ್ವರ ಬೇಕು, ಅದರ ಬೆನ್ನಿಗೇ ಹೊಸ ಹಾಡಿಗೆ ದಪ್ಪನೆಯ ಡಿಸ್ಟಾರ್ಷನ್ ಬೇಕು. ನನ್ನ ಹತ್ತಿರ ಇರುವುದು ಒಂದೇ ಗಿಟಾರ್. ಎಲೆಕ್ಟ್ರಿಕ್, ಫೆಂಡರ್ ಕಂಪನಿಯ ಸ್ಟ್ರಾಟ್ ಮಾದರಿಯದು, ಮೂರು ಸಿಂಗಲ್ ಕಾಯಿಲ್ ಪಿಕಪ್. ಪಿಕಪ್ ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ, ಸಿಂಗಲ್ ಕಾಯಿಲ್ ಅಂದರೆ ಅದರೊಳಗೆ ಅಯಸ್ಕಾಂತದ ಸುತ್ತ ಒಂದೇ ಸುರುಳಿ. ತಿಳಿ ಸ್ವರಕ್ಕೆ ಅದು ಬಂಗಾರ. ಸೋಲೋ ಬಂದಾಗ ಮಾತ್ರ ಕೀಬೋರ್ಡಿಗೂ ರಿದಮ್ ಪ್ಯಾಡಿಗೂ ನಡುವೆ ಸೊರಗಿಬಿಡುತ್ತದೆ. ಜೊತೆಗೆ ಗುಂಯ್ ಅನ್ನುವ ಸದ್ದು ಬೇರೆ. ಪೆಂಡಾಲಿನಲ್ಲಿ ಸೀರಿಯಲ್ ಲೈಟು, ಜನರೇಟರ್, ಡಿಮ್ಮರ್, ಅರ್ಥಿಂಗ್ ಇದೆಯೋ ಇಲ್ಲವೋ ಗೊತ್ತಾಗದ ಪ್ಲಗ್ ಪಾಯಿಂಟು. ಒಂದು ಊರಲ್ಲಿ ಸೌಂಡಿನವರು ಮಿಕ್ಸರ್ ಹತ್ತಿರದಿಂದಲೇ ಕೂಗಿ ಕೇಳಿದರು: "ಸಾರ್, ಆ ಗುಂಯ್ ನಿಮ್ದೇನಾ?" ಹೌದು, ನನ್ನದೇ.

ಆ ವರ್ಷ ಹಬ್ಬದ ಸೀಸನ್ ಮುಗಿದ ಮೇಲೆ ನಾಲ್ಕು ಪಿಕ್‌ಗಾರ್ಡ್, ಅಂದರೆ ಗಿಟಾರಿನ ಮೈ ಮೇಲೆ ಕೂರುವ ಫಲಕ, ತಂದೆ. ಒಂದೊಂದರ ಮೇಲೂ ಒಂದೊಂದು ಬಗೆಯ ಪಿಕಪ್, ಪಾಟ್ (ನಾಬಿನ ಕೆಳಗಿನ ಭಾಗ), ಸ್ವಿಚ್ ಎಲ್ಲ ಜೋಡಿಸಿಟ್ಟೆ. ಕೇಬಲ್ ಚುಚ್ಚುವ ಜ್ಯಾಕಿಗೆ ಹೋಗುವ ವೈರಿಗೆ ಸ್ಕ್ರೂ ಕನೆಕ್ಟರ್ ಹಾಕಿದೆ. ತಂತಿ ಸಡಿಲಿಸಿ, ಹನ್ನೊಂದು ಸ್ಕ್ರೂ ಬಿಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಬದಲಾಯಿಸಬಹುದು. ಅದೇ 10-46 ತಂತಿ, ಅದೇ 6 ಮೀಟರ್ ಕೇಬಲ್, ಅದೇ ಆಂಪ್, ರೆಕಾರ್ಡ್ ಮಾಡುವ ಮೊಬೈಲ್ ಸ್ಟ್ಯಾಂಡ್ ಕೂಡ ಅದೇ ಜಾಗದಲ್ಲಿ. ಬಿಡಿಭಾಗ ಜಾಸ್ತಿಯೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನದ್ದು. ಮನೆಯಲ್ಲಿ ಕೇಳಿದ್ದಷ್ಟೇ ಅಲ್ಲ, ನಾಲ್ಕನ್ನೂ ಸ್ಟೇಜಿಗೂ ಹತ್ತಿಸಿದ್ದೇನೆ.

ಮೊದಲನೆಯದು ಇದ್ದ ಸಿಂಗಲ್ ಕಾಯಿಲ್‌ಗಳೇ, ಒಳಗೆಲ್ಲ ತಾಮ್ರದ ಟೇಪು. ಈ ಟೇಪಿನ ಬಗ್ಗೆ ತುಂಬಾ ಜನರಿಗೆ ತಪ್ಪು ನಿರೀಕ್ಷೆ ಇದೆ. ಟ್ಯೂಬ್‌ಲೈಟು, ಡಿಮ್ಮರ್ ಕಡೆಯಿಂದ ಬರುವ ಚರಚರ ಸದ್ದನ್ನು ಟೇಪು ಚೆನ್ನಾಗಿಯೇ ತಡೆಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಬರುವ ಗುಂಯ್ ಬೇರೆ ಜಾತಿ. ಅದು ಅಯಸ್ಕಾಂತದ ದಾರಿಯಲ್ಲಿ ನೇರ ಸುರುಳಿಗೇ ನುಗ್ಗುತ್ತದೆ, ತೆಳು ತಾಮ್ರ ಅದನ್ನು ತಡೆಯುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಗುಂಯ್‌ನಲ್ಲಿ ಕೇಳುವ ಅದರ ದುಪ್ಪಟ್ಟು 100. ಗಿಟಾರಿನ ದಪ್ಪ ತಂತಿಯ 3ನೇ ಫ್ರೆಟ್ ಒತ್ತಿ, ಬರುವ ಜಿ ಸ್ವರ 98 ಹರ್ಟ್ಸ್. ಅಂದರೆ ನಮ್ಮ ಗುಂಯ್ ಒಂಚೂರು ಏರಿದ ಜಿ! ಜಿ ಸ್ಕೇಲಿನ ಹಾಡಿನಲ್ಲಿ ಅದು ಶ್ರುತಿಯ ಹಾಗೆ ಹಿಂದೆ ನಿಂತುಬಿಡುತ್ತದೆ. ಎಫ್ ಶಾರ್ಪಿಗೆ ಹೋದರೆ ಕಿವಿಗೆ ಚುಚ್ಚುತ್ತದೆ. ನಿಂತಲ್ಲೇ ಸ್ವಲ್ಪ ತಿರುಗಿ ನೋಡಿ, ಒಂದು ದಿಕ್ಕಿನಲ್ಲಿ ಸದ್ದು ಅರ್ಧಕ್ಕೆ ಇಳಿಯುತ್ತದೆ. ಎಷ್ಟೋ ಕಾರ್ಯಕ್ರಮ ಹಾಗೇ ಓರೆಯಾಗಿ ನಿಂತು ನುಡಿಸಿದ್ದೇನೆ.

ಹಾಗಂತ ಈ ಪಿಕ್‌ಗಾರ್ಡನ್ನು ತಳ್ಳಿಹಾಕಬೇಡಿ. ನಡುವಿನ ಪಿಕಪ್ಪಿನ ಸುತ್ತು, ಅಯಸ್ಕಾಂತ ಎರಡೂ ಉಲ್ಟಾ ಇದ್ದರೆ ಎರಡೆರಡು ಪಿಕಪ್ ಒಟ್ಟಿಗೆ ನುಡಿಯುವ ಸ್ವಿಚ್ಚಿನ 2 ಮತ್ತು 4ನೇ ಜಾಗದಲ್ಲಿ ಗುಂಯ್ ತಾನಾಗಿ ಹೋಗುತ್ತದೆ. ಮೆಲೋಡಿ ಹಾಡುಗಳಿಗೆ ಆ ಎರಡು ಜಾಗವೇ ಸಾಕು. ಟೋನ್ ಕೆಪಾಸಿಟರನ್ನು 0.047ರಿಂದ 0.022 ಮೈಕ್ರೋಫ್ಯಾರಡ್‌ಗೆ ಬದಲಿಸಿದೆ, ನಾಬ್ ತಿರುಗಿಸಿದಾಗ ದನಿ ಪೂರ್ತಿ ಕಂಬಳಿ ಹೊದ್ದ ಹಾಗೆ ಆಗುವುದು ತಪ್ಪಿತು. ಐದು ರೂಪಾಯಿಯ ಕೆಲಸ.

ಎರಡನೆಯದು ಬ್ರಿಡ್ಜ್ ಜಾಗಕ್ಕೆ, ಅಂದರೆ ತಂತಿಗಳು ಗಿಟಾರಿನ ಮೈಗೆ ಸೇರುವ ಕಡೆಗೆ, ರೈಲ್ ಪಿಕಪ್, ಪಿಕಪ್ ಕಂಪನಿ ಸೆಮೋರ್ ಡಂಕನ್‌ನವರ ಹಾಟ್ ರೇಲ್ಸ್ ಇದೆಯಲ್ಲ, ಆ ಜಾತಿಯದು. ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಮ್‌ಬಕರ್‌ನ ಯೋಚನೆಯೇ ಇಲ್ಲೂ ಇರುವುದು. ಎರಡು ಸುರುಳಿ, ಒಂದರ ಗುಂಯ್ ಇನ್ನೊಂದರದ್ದನ್ನು ಹೊಡೆದುಹಾಕುತ್ತದೆ. ಅದನ್ನೇ ಸಿಂಗಲ್ ಕಾಯಿಲ್ ಅಳತೆಗೆ ಇಕ್ಕಟ್ಟಾಗಿ ಕೂರಿಸಿದ್ದಾರೆ. ಮೀಟರ್ ಇಟ್ಟರೆ ನನ್ನ ಮಾಮೂಲಿ ಪಿಕಪ್ 6 ಕಿಲೋ ಓಮ್ ಆಸುಪಾಸು, ಇದು 16ರ ಮೇಲೆ. ಬ್ಯಾಟರಿ ಬೇಡ, ಗಿಟಾರಿಗೆ ತೂತು ಕೊರೆಯುವುದು ಬೇಡ, ಡಿಸ್ಟಾರ್ಷನ್ ಗಟ್ಟಿ. ಆದರೆ ಬ್ರಿಡ್ಜ್ ಪಿಕಪ್ಪಿನ ಆ ಟಣ್ ಅನ್ನುವ ಅಂಚು ಹೋಯಿತು. ಒಂದು ಸುರುಳಿಯನ್ನು ಮಾತ್ರ ಉಳಿಸಿಕೊಳ್ಳುವ ಪುಶ್-ಪುಲ್ (ಎಳೆದರೆ ಸ್ವಿಚ್ ಆಗುವ ಪಾಟ್) ಹಾಕಿ ನೋಡಿದೆ. ಹತ್ತಿರ ಬಂತು, ಅದೇ ಆಗಲಿಲ್ಲ.

ಇದರ ವೈರಿಂಗಿನಲ್ಲಿ ಎರಡು ಕಡೆ ಎಡವಿದ್ದೇನೆ, ನೀವು ಎಡವಬೇಡಿ. ಮೊದಲನೆಯದು ಬಣ್ಣ. ಸೆಮೋರ್ ಡಂಕನ್ ಕ್ರಮದಲ್ಲಿ ಕಪ್ಪು ವೈರು ಸಿಗ್ನಲ್, ಹಸಿರು ಮತ್ತು ಹೊದಿಕೆಯಿಲ್ಲದ ಬರೀ ವೈರು ಗ್ರೌಂಡ್, ಕೆಂಪು-ಬಿಳಿ ಸೇರಿಸಿ ಬೆಸುಗೆ. ಇನ್ನೊಂದು ಕಂಪನಿ ಡಿಮಾರ್ಜಿಯೋ ಕ್ರಮದಲ್ಲಿ ಕೆಂಪು ಸಿಗ್ನಲ್, ಹಸಿರು ಗ್ರೌಂಡ್, ಕಪ್ಪು-ಬಿಳಿ ಜೋಡಿ. ಒಂದರ ಚಿತ್ರ ನೋಡಿಕೊಂಡು ಇನ್ನೊಂದನ್ನು ಜೋಡಿಸಬಾರದು. ಎರಡನೆಯದು ಫೇಸ್. ಬೇರೆ ಬೇರೆ ಕಡೆಯ ಪಿಕಪ್ ಸೇರಿಸಿದಾಗ ಒಂದರ ದಿಕ್ಕು ಇನ್ನೊಂದಕ್ಕೆ ಉಲ್ಟಾ ಇರಬಹುದು. ಆಗ ಎರಡೂ ಒಟ್ಟಿಗೆ ಇರುವ ಜಾಗದಲ್ಲಿ ದನಿ ತಗಡಿನ ಡಬ್ಬದ ಹಾಗೆ ಆಗುತ್ತದೆ. ಬೆಸುಗೆಗೆ ಮುಂಚೆ ಮುಳ್ಳಿನ ಮಲ್ಟಿಮೀಟರ್‌ಗೆ ಪಿಕಪ್ ಕೊಡಿ. ಸ್ಕ್ರೂಡ್ರೈವರ್ ತುದಿಯನ್ನು ಪಿಕಪ್ಪಿನ ಮೇಲೆ ಇಟ್ಟು, ಪಟಕ್ಕನೆ ಎತ್ತಿ. ಮುಳ್ಳು ಬಲಕ್ಕೆ ಹಾರಿತೋ ಎಡಕ್ಕೋ ಬರೆದುಕೊಳ್ಳಿ. ಮೂರೂ ಒಂದೇ ಕಡೆ ಹಾರಬೇಕು. ಹಾರದಿದ್ದರೆ ಆ ಒಂದರ ಸಿಗ್ನಲ್, ಗ್ರೌಂಡ್ ಅದಲುಬದಲು ಮಾಡಿ, ಬರೀ ವೈರು ಮಾತ್ರ ಗ್ರೌಂಡಿನಲ್ಲೇ ಇರಲಿ.

ಪಾಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಮ್‌ಬಕರ್‌ಗೆ 500 ವಾಡಿಕೆ. ಎರಡೂ ಇರುವ ಗಿಟಾರಿಗೆ 500 ಹಾಕಿ, ಸಿಂಗಲ್ ಕಾಯಿಲ್ ಬಂದು ಸೇರುವ ಸ್ವಿಚ್ ಕಾಲಿನಿಂದ ಗ್ರೌಂಡಿಗೆ 470 ಕಿಲೋ ಓಮ್ ರೆಸಿಸ್ಟರ್ ಕೊಡಿ. ಆ ಪಿಕಪ್ಪಿಗೆ ಅದು 242ರ ಹಾಗೆ ಕಾಣುತ್ತದೆ, ಕರ್ಕಶ ಆಗುವುದಿಲ್ಲ.

ಮೂರನೆಯದು ಆ್ಯಕ್ಟಿವ್, ಅಂದರೆ ಬ್ಯಾಟರಿಯಿಂದ ನಡೆಯುವುದು: ಇಎಂಜಿ ಕಂಪನಿಯ ಎಸ್‌ಎ ಪಿಕಪ್ ಮೂರು, ಜೊತೆಗೆ ಅವರದೇ ಎಸ್‌ಪಿಸಿ ಅನ್ನುವ ಮಿಡ್ (ನಡು ಸ್ವರ) ಏರಿಸುವ ನಾಬ್. ಪಿಂಕ್ ಫ್ಲಾಯ್ಡ್‌ನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ತಮ್ಮ ಕೆಂಪು ಸ್ಟ್ರಾಟಿನಲ್ಲಿ ಇಟ್ಟುಕೊಂಡಿದ್ದ ದಾರಿ ಇದು. ನನ್ನ ಗಿಟಾರಿಗೆ ಇದು ಮೂಗಿಗಿಂತ ಮೂಗುತಿ ಭಾರ. ಬೆಲೆ ಗಿಟಾರಿಗೇ ಸಮ ಸಮ ಬಂತು. ಆದರೆ ಆನ್ ಮಾಡಿದ ಕ್ಷಣ ಏನು ಮೌನ! ಆಂಪ್ ಬಂದ್ ಆಗಿದೆಯೇನೋ ಅಂತ ಕೈಯಿಟ್ಟು ನೋಡಿದೆ. ಪಿಕಪ್ಪಿನ ಒಳಗೇ ಸಿಗ್ನಲ್ ಬಲಪಡಿಸುವ ಪ್ರೀಆಂಪ್ ಇರುವುದರಿಂದ ಪಾಟ್ 25 ಕಿಲೋ ಓಮ್ ಸಾಕು, ಉದ್ದ ಕೇಬಲ್ ಹಾಕಿದರೂ ಮೇಲಿನ ಸ್ವರ ಮಂಕಾಗುವುದಿಲ್ಲ. ಮಾಮೂಲಿ ಪಿಕಪ್ಪಿನಲ್ಲಿ ಈ ತೊಂದರೆ ನಿಜ. ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಹೊರುತ್ತದೆ, ಆರು ಮೀಟರ್ ಅಂದರೆ ಆಗಲೇ ಒಂದು ಸಣ್ಣ ಕೆಪಾಸಿಟರ್ ತಗುಲಿಸಿದ ಹಾಗೆ. ಬೆಸುಗೆಯೂ ಬೇಕಿಲ್ಲ, ಪ್ಲಗ್ ಚುಚ್ಚಿದರಾಯಿತು.

ಪೆಂಡಾಲಿನಲ್ಲಿ ಹಾಡುತ್ತಾ ನುಡಿಸುವವರಿಗೆ ಇದರಲ್ಲಿ ಇನ್ನೊಂದು ದೊಡ್ಡ ವಿಷಯ ಇದೆ. ಮಾಮೂಲಿ ಗಿಟಾರಿನಲ್ಲಿ ಬ್ರಿಡ್ಜಿಗೆ ಒಂದು ಗ್ರೌಂಡ್ ವೈರು ಇರುತ್ತದೆ. ಅದರಿಂದ ತಂತಿಗಳು, ತಂತಿಯಿಂದ ನಿಮ್ಮ ಕೈ, ಎಲ್ಲಾ ಆಂಪಿನ ಅರ್ಥಿಂಗಿಗೆ ಸೇರುತ್ತವೆ. ಆಂಪ್ ಒಂದು ಲೈನಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇದ್ದು, ಒಂದರ ಅರ್ಥಿಂಗ್ ಕೆಟ್ಟಿದ್ದರೆ, ಮೈಕಿಗೆ ತುಟಿ ತಾಗಿದಾಗ ಚುರ್ ಅನ್ನುತ್ತದೆ. ಅದು ಪ್ರಾಣಕ್ಕೂ ಎರವಾಗಬಹುದು. ಇಎಂಜಿಯವರು ಈ ಬ್ರಿಡ್ಜ್ ವೈರನ್ನು ತೆಗೆದುಬಿಡಿ ಅಂತಲೇ ಹೇಳುತ್ತಾರೆ. ಶೀಲ್ಡಿಂಗ್ ಪಿಕಪ್ಪಿನ ಒಳಗೇ ಇರುವುದರಿಂದ ತಂತಿಗೆ ಗ್ರೌಂಡ್ ಬೇಕಾಗುವುದಿಲ್ಲ. ಅಪಾಯದ ಒಂದು ದಾರಿ ಅಲ್ಲೇ ಮುಚ್ಚುತ್ತದೆ. ಇದೊಂದನ್ನೇ ನಂಬಿ ಸ್ಟೇಜ್ ಹತ್ತಬೇಡಿ. ನಾನಂತೂ ಯಾವ ಪಿಕಪ್ ಇದ್ದರೂ ಹಾಡುವ ಮುಂಚೆ ಗಿಟಾರ್ ಜ್ಯಾಕಿಗೂ ಮೈಕಿನ ಜಾಲರಿಗೂ ನಡುವೆ ಮೀಟರ್ ಹಿಡಿದು ನೋಡುತ್ತೇನೆ.

ದನಿ? ನುಣುಪು, ಸಮ. ಸೋಲೋ ಜೇನಿನ ಹಾಗೆ ಎಳೆಯುತ್ತದೆ. ನನಗೆ ಮಾತ್ರ ಬೆರಳಿನ ಮೆದು-ಗಟ್ಟಿ ಎರಡರ ವ್ಯತ್ಯಾಸ ಇನ್ನೂ ಜಾಸ್ತಿ ಕೇಳಬೇಕು. ಅದು ರುಚಿಯ ಮಾತು, ಪಿಕಪ್ಪಿನ ತಪ್ಪಲ್ಲ.

ನಾಲ್ಕನೆಯದು ನಾನೇ ಡಾಟ್ ಬೋರ್ಡಿನ ಮೇಲೆ ಜೋಡಿಸಿದ ಮಿಡ್ ಬೂಸ್ಟ್, ಮಾಮೂಲಿ ಸಿಂಗಲ್ ಕಾಯಿಲ್ ಜೊತೆ. ಫೆಂಡರ್ 1988ರಲ್ಲಿ ತಂದ ಎರಿಕ್ ಕ್ಲಾಪ್ಟನ್ ಸ್ಟ್ರಾಟಿನ ದಾರಿ: 500 ಹರ್ಟ್ಸ್ ಆಸುಪಾಸಿನ ನಡು ಸ್ವರವನ್ನು 25 ಡೆಸಿಬೆಲ್ ತನಕ ಏರಿಸುವುದು. ನಾಬ್ ಸೊನ್ನೆಯಲ್ಲಿದ್ದರೆ ಸ್ಟ್ರಾಟ್, ತಿರುಗಿಸುತ್ತಾ ಹೋದರೆ ದಪ್ಪ ಹಮ್‌ಬಕರ್. ನನಗೆ ಬೇಕಾಗಿದ್ದು ಇದೇ! ಆದರೆ ಮೊದಲ ಕಾರ್ಯಕ್ರಮದಲ್ಲೇ ಪಾಠ ಆಯಿತು. 25 ಡೆಸಿಬೆಲ್ ಅಂದರೆ ಸುಮಾರು 18 ಪಟ್ಟು. ಗುಂಯ್‌ನ ತಳದ 50 ಹರ್ಟ್ಸ್ ಅಷ್ಟಾಗಿ ಏರುವುದಿಲ್ಲ. ಅದರ ಮೇಲಿನ ಗುಣಕಗಳಾದ 300, 400, 500 ಹರ್ಟ್ಸ್ ಇವೆಯಲ್ಲ, ಅವು ನೇರ ಬೂಸ್ಟಿನ ಬಾಯಿಗೇ ಸಿಗುತ್ತವೆ. ಕ್ಲಾಪ್ಟನ್ ಗಿಟಾರಿಗೆ ಮೊದಲು ಗುಂಯ್ ಕಡಿಮೆ ಇರುವ ಲೇಸ್ ಸೆನ್ಸರ್ ಪಿಕಪ್, ಆಮೇಲೆ ನಾಯ್ಸ್‌ಲೆಸ್ ಪಿಕಪ್ ಯಾಕೆ ಹಾಕಿದರು ಅಂತ ಆಗ ಅರ್ಥವಾಯಿತು. ಮೊದಲು ಗುಂಯ್ ನಿಲ್ಲಿಸಬೇಕು, ಆಮೇಲೆ ಏರಿಸಬೇಕು. ನಾನು ಇಷ್ಟು ದಿನ ಎರಡನ್ನೂ ಒಂದೇ ಸಮಸ್ಯೆ ಅಂದುಕೊಂಡಿದ್ದೆ.

ಅದಕ್ಕೇ ಅದೇ ಪಿಕ್‌ಗಾರ್ಡಿಗೆ ಸ್ಟ್ಯಾಕ್ ಪಿಕಪ್ ಹಾಕಿದೆ. ಒಂದರ ಕೆಳಗೆ ಇನ್ನೊಂದು ಸುರುಳಿ, ಕೆಳಗಿನದ್ದಕ್ಕೆ ಗುಂಯ್ ಹಿಡಿದು ಮೇಲಿನದ್ದನ್ನು ಶಾಂತ ಮಾಡುವುದೇ ಕೆಲಸ. ತಿಳಿ ದನಿಯಲ್ಲಿ ನೂರಕ್ಕೆ ತೊಂಬತ್ತು ಉಳಿಯಿತು. ಬೂಸ್ಟ್ ಪೂರ್ತಿ ಏರಿಸಿದರೂ ಸೌಂಡಿನವರು ತಿರುಗಿ ನೋಡಲಿಲ್ಲ.

ಬ್ಯಾಟರಿ ಕಥೆಯೂ ಹೇಳಬೇಕು. ಸ್ಟೀರಿಯೋ ಜ್ಯಾಕಿನ ನಡುವಿನ ಕಾಲಿಗೆ ಬ್ಯಾಟರಿಯ ನೆಗೆಟಿವ್ ಕೊಡುತ್ತೇವೆ, ಕೇಬಲ್ ಚುಚ್ಚಿದಾಗ ಮಾತ್ರ ಆನ್. ನಾನು ಪ್ರಾಕ್ಟೀಸ್ ಮುಗಿಸಿ ಕೇಬಲ್ ಹಾಗೇ ಬಿಟ್ಟು ಊರಿಗೆ ಹೋಗಿದ್ದೆ. ವಾರ ಬಿಟ್ಟು ಸ್ಟೇಜಿನಲ್ಲಿ ಎರಡನೇ ಹಾಡಿಗೇ ದನಿ ಕಾಗದ ಹರಿದ ಹಾಗೆ ಒಡೆಯಿತು, ಆಮೇಲೆ ಇಲ್ಲವೇ ಇಲ್ಲ. ನಮ್ಮ ಕೀಬೋರ್ಡ್ ಅಣ್ಣ ಆ ಸೋಲೋ ತುಂಬಿಕೊಂಡರು. ಮಾರನೇ ದಿನ ಎರಡು ಬದಲಾವಣೆ ಮಾಡಿದೆ. ಬೋರ್ಡಿನ ಟಿಎಲ್072 ಐಸಿ ಸುಮಾರು 3 ಮಿಲಿಆಂಪಿಯರ್ ಕುಡಿಯುತ್ತದೆ. 500 ಮಿಲಿಆಂಪಿಯರ್ ಗಂಟೆಯ 9 ವೋಲ್ಟ್ ಬ್ಯಾಟರಿಗೆ ಅದು ಏಳು ದಿನವೂ ಪೂರ್ತಿ ಬರುವುದಿಲ್ಲ. ಅದೇ ಕಾಲುಗಳ ಟಿಎಲ್062 ಅರ್ಧ ಮಿಲಿಆಂಪಿಯರಿಗಿಂತ ಕಡಿಮೆ. ಸುಯ್ ಅನ್ನುವ ಸದ್ದು ಒಂದು ಚೂರು ಜಾಸ್ತಿ, ಪೆಂಡಾಲಿನಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಇನ್ನೊಂದು, ವಾಲ್ಯೂಮಿಗೆ ಪುಶ್-ಪುಲ್ ಪಾಟ್. ನಾಬ್ ಎಳೆದರೆ ಪಿಕಪ್ ಬೋರ್ಡನ್ನು ಬಿಟ್ಟು ನೇರ ಜ್ಯಾಕಿಗೆ ಹೋಗುತ್ತದೆ. ಬ್ಯಾಟರಿ ಸತ್ತರೂ ಹಾಡು ನಿಲ್ಲುವುದಿಲ್ಲ. ಪ್ರೀಆಂಪ್ ಪಿಕಪ್ಪಿನ ಒಳಗೇ ಇರುವ ಆ್ಯಕ್ಟಿವ್ ಸೆಟ್ಟಿನಲ್ಲಿ ಈ ಅನುಕೂಲ ಸಿಗುವುದಿಲ್ಲ. ಅದು ಕುಡಿಯುವುದು ತುಂಬಾ ಕಮ್ಮಿ ನಿಜ, ಪಿಕಪ್ ಒಂದಕ್ಕೆ 80 ಮೈಕ್ರೋಆಂಪಿಯರ್ ಅಷ್ಟೇ. ಆದರೆ ಸ್ಟೇಜಿನಲ್ಲಿ ಬ್ಯಾಟರಿ ಮುಗಿದರೆ ಎಳೆಯಲು ನಾಬ್ ಇಲ್ಲ. ನನ್ನ ಆಯ್ಕೆ ನಾಲ್ಕನೆಯದರ ಕಡೆ ವಾಲಿದ್ದು ಇಲ್ಲೇ.

ಯಾರಾದರೂ ಸಲಹೆ ಕೇಳಿದರೆ, ಮನೆಯಲ್ಲಿ ನುಡಿಸುವವರಿಗೆ ತಾಮ್ರದ ಟೇಪು, ಕೆಪಾಸಿಟರ್ ಸಾಕು ಅನ್ನುತ್ತೇನೆ. ಇಡೀ ರಾತ್ರಿ ಡಿಸ್ಟಾರ್ಷನ್ನೇ ನುಡಿಸುವವರು ಸುಮ್ನೆ ರೈಲ್ ಹಾಕಿಸಿ. ಬೆಸುಗೆ ಹಿಡಿಯಲು ಮನಸ್ಸಿಲ್ಲದ, ಹಾಡುತ್ತಾ ನುಡಿಸುವ ಗೆಳೆಯನಿಗೆ ನನ್ನ ಆ್ಯಕ್ಟಿವ್ ಸೆಟ್ಟನ್ನೇ ಕೊಟ್ಟಿದ್ದೇನೆ, ಅವನ ಗಿಟಾರಿನಲ್ಲಿ ಅದು ನನ್ನದಕ್ಕಿಂತ ಚೆನ್ನಾಗಿ ಕೂತಿದೆ.

ನನ್ನ ಗಿಟಾರಿನಲ್ಲಿ ಈಗ ಇರುವುದು ಸ್ಟ್ಯಾಕ್ ಪಿಕಪ್, ಮಿಡ್ ಬೂಸ್ಟ್. ಸೋಲೋಗೆ ನಾಬ್ 6ಕ್ಕೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಬ್ಯಾಟರಿ ಮೇಲೆ ಬಿಳಿ ಟೇಪ್ ಅಂಟಿಸಿ ಹಾಕಿದ ದಿನ ಬರೆದಿಡುತ್ತೇನೆ. ಈಗಿನದ್ದರ ಮೇಲೆ "ಯುಗಾದಿ" ಅಂತಿದೆ. ನಿನ್ನೆ ಗಣೇಶನ ಪೆಂಡಾಲಿಗೆ ಹೊರಡುವ ಮುಂಚೆ ಮೀಟರ್ ಇಟ್ಟೆ, 8.8 ವೋಲ್ಟ್ ತೋರಿಸಿತು.