ಸಾಧನ ನಿಯಂತ್ರಣದ ಆ್ಯಪ್ ಸರ್ವರ್ ಆಗಬೇಕೆ? ಪೈಇನ್‌ಸ್ಟಾಲರ್ ಮತ್ತು ಡಾಕರ್

ಸೀರಿಯಲ್ ಪೋರ್ಟಿನ (ಒಂದೊಂದೇ ಬಿಟ್ ಆಗಿ ಡೇಟಾ ಸಾಗಿಸುವ ಸಂಪರ್ಕ) ಉಪಕರಣ ನಡೆಸುವ ಪೈಥಾನ್ ಆ್ಯಪ್ ಲಿನಕ್ಸ್ ಮೇಲೆ ಸರ್ವರ್‌ನಂತೆ ಸದಾ ತಾನೇ ಓಡಬೇಕು ಅಂದುಕೊಳ್ಳಿ. ದಾರಿ ಎರಡು: ಆ್ಯಪನ್ನು ಬೇಕಾದ ಲೈಬ್ರರಿಗಳ ಸಮೇತ ನೇರ ಓಡುವ ಪ್ರೋಗ್ರಾಂ ಆಗಿ ಕಟ್ಟುವ ಪೈಇನ್‌ಸ್ಟಾಲರ್, ಇಲ್ಲವೇ ಅದನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್.

ಸಾಗಿಸಲು ಪೈಇನ್‌ಸ್ಟಾಲರ್ ಸಲೀಸು, ಗುರಿ ಯಂತ್ರದಲ್ಲಿ ಪೈಥಾನೂ ಬೇಡ. ಆದರೆ ವಿಂಡೋಸ್‌ನಲ್ಲಿ ಕಟ್ಟಿದ್ದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರಿನಲ್ಲಿ ಓಡದು, ಅಲ್ಲಿಯೇ ಕಟ್ಟಬೇಕು. ಒಂದೇ ಫೈಲ್ ಮಾಡಿದರೆ ಪ್ರತಿ ಸಲ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುವುದರಿಂದ ಆರಂಭ ನಿಧಾನ. ಫೋಲ್ಡರ್ ರೂಪವೇ ವಾಸಿ.

ಪೋರ್ಟಿನ ವಿಷಯದಲ್ಲಿ ಕಾಡುವುದು ಡಾಕರ್. ಕಂಟೇನರ್ ಶುರು ಮಾಡುವಾಗಲೇ ಸಾಧನವನ್ನು ಹೆಸರಿಸಿ ಒಳಬಿಡಬೇಕು. ಯುಎಸ್‌ಬಿ ಕಿತ್ತು ಮತ್ತೆ ಚುಚ್ಚಿದರೆ ಪೋರ್ಟಿನ ಹೆಸರಿನ ಸಂಖ್ಯೆ 0 ಇದ್ದದ್ದು 1 ಆಗಿ ಸಂಪರ್ಕ ತಪ್ಪಬಹುದು. ಯೂಡೆವ್ (ಲಿನಕ್ಸ್‌ನಲ್ಲಿ ಸಾಧನಗಳಿಗೆ ಹೆಸರು ಕೊಡುವ ವ್ಯವಸ್ಥೆ) ನಿಯಮದಿಂದ ಸ್ಥಿರ ಹೆಸರು ಕೊಟ್ಟರೂ ಕಂಟೇನರ್ ಮತ್ತೆ ಶುರು ಮಾಡಬೇಕಾದೀತು. ಪೈಇನ್‌ಸ್ಟಾಲರ್ ಆ್ಯಪಿಗಾದರೆ ಸಾಮಾನ್ಯವಾಗಿ ಬಳಕೆದಾರ ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ ಗುಂಪಿನಲ್ಲಿದ್ದರೆ ಸಾಕು.

ಜೊತೆಗೆ ಡೇಟಾಬೇಸೂ ಇದ್ದು, ಹತ್ತಾರು ಯಂತ್ರಗಳಿಗೆ ಅಪ್‌ಡೇಟ್ ಕಳಿಸಬೇಕಿದ್ದರೆ ಡಾಕರ್. ಒಂದೇ ಉಪಕರಣ, ಇಂಟರ್ನೆಟ್ ಇಲ್ಲದ ಲ್ಯಾಬ್ ಎಂದರೆ ಪೈಇನ್‌ಸ್ಟಾಲರ್. ಆ್ಯಪ್ ಬಿದ್ದಾಗ ಎಬ್ಬಿಸಲು ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ.