ಬ್ಯಾಂಕಾಕ್‌ನಲ್ಲಿ ಒಬ್ಬರೇ ಇಳಿದರೆ ಎಲ್ಲಿ ಉಳಿಯುವುದು? ಖಾವ್‌ಸಾನ್, ಸೀಲೋಮ್, ಯಾವರಾತ್

ಬ್ಯಾಂಕಾಕ್ ಇಷ್ಟವಾಗಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಎಲ್ಲಿ ಉಳಿದುಕೊಂಡಿದ್ರಿ ಅಂತ. ಅಷ್ಟು ದೊಡ್ಡ ಊರು ಅದು. ಯಾವ ಏರಿಯಾದಲ್ಲಿ ಬ್ಯಾಗ್ ಇಳಿಸುತ್ತೀರೋ ಅದೇ ನಿಮ್ಮ ಬ್ಯಾಂಕಾಕ್. ಒಂದೇ ಪ್ರವಾಸದಲ್ಲಿ ನಾನು ಮೂರು ಕಡೆ ಡಾರ್ಮ್ (ಹಲವರು ಹಂಚಿಕೊಳ್ಳುವ ಹಾಸ್ಟೆಲ್ ಕೋಣೆ) ಹಿಡಿದು ನೋಡಿದೆ. ಒಬ್ಬಳೇ ಹೋಗಿದ್ದೆ, ಖರ್ಚಿನಲ್ಲಿ ಹಿಡಿತ ಇಟ್ಟುಕೊಂಡಿದ್ದೆ, ಮಾಂಸ ತಿನ್ನುವುದಿಲ್ಲ. ಕೆಳಗಿನ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಬ್ಯಾಕ್‌ಪ್ಯಾಕ್ ಹಾಕಿಕೊಂಡವರು ಕಣ್ಣುಮುಚ್ಚಿ ಹೋಗುವುದು ಖಾವ್‌ಸಾನ್ ರಸ್ತೆಗೆ. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಎಸ್1 ಬಸ್ 60 ಬಾತ್‌ಗೆ ನೇರ ಅಲ್ಲಿಗೇ ಬಿಡುತ್ತದೆ. ಬೆಂಗಳೂರಿನಿಂದ ಮಧ್ಯರಾತ್ರಿ ಹೊರಡುವ ವಿಮಾನ ಹಿಡಿದರೆ ಬೆಳಗ್ಗೆ ಇಳಿಯುತ್ತೀರಿ, ಬಸ್ಸಿಗೆ ಸರಿಹೋಗುತ್ತದೆ. ರಾತ್ರಿ ಇಳಿದರೆ ಈ ಬಸ್ ನೆಚ್ಚಿಕೊಳ್ಳಬೇಡಿ.

ಹಗಲು ಹೊತ್ತಿನಲ್ಲಿ ಖಾವ್‌ಸಾನ್ ಸಪ್ಪೆ. ಕತ್ತಲಾದ ಮೇಲೆ ಎರಡೂ ಬದಿಯ ಬಾರ್‌ಗಳು ಪೈಪೋಟಿಗೆ ಬಿದ್ದು ಹಾಡು ಹಾಕುತ್ತವೆ, ಎರಡರಲ್ಲಿ ಒಂದೂ ಕೇಳಿಸುವುದಿಲ್ಲ. ಕರಿದ ಚೇಳು ಮಾರುವವರು ಇದ್ದಾರೆ. ತಿನ್ನುವವರಿಗಿಂತ ಫೋಟೋ ತೆಗೆಯುವವರೇ ಜಾಸ್ತಿ. ಅದಕ್ಕೇ ಫೋಟೋಗೂ ಇಷ್ಟು ಬಾತ್ ಅಂತ ಬೋರ್ಡ್ ತೂಗುಹಾಕಿರುತ್ತಾರೆ. ಪಕ್ಕದ ಸೋಯಿ (ಗಲ್ಲಿ) ರಾಂಬುತ್ರಿ ಇದಕ್ಕಿಂತ ಎಷ್ಟೋ ವಾಸಿ. ಮರಗಳಿವೆ, ಪಕ್ಕದಲ್ಲೇ ದೇವಸ್ಥಾನದ ಗೋಡೆ ಇದೆ, ರಾತ್ರಿ ನಿದ್ದೆಯಾದರೂ ಬರುತ್ತದೆ.

ಒಬ್ಬರೇ ಹೋದವರಿಗೆ ಇಲ್ಲಿ ಜೊತೆ ಸಿಗುವುದು ಸುಲಭ. ಹಾಸ್ಟೆಲ್ ಕಟ್ಟೆಯ ಮೇಲೆ ಸುಮ್ನೆ ಕೂತರೂ ಯಾರಾದರೂ ಮಾತಿಗೆ ಸಿಗುತ್ತಾರೆ. ಆದರೆ ಅವರೂ ನಿಮ್ಮ ಹಾಗೆ ನಿನ್ನೆ ಬಂದವರು! ಥಾಯ್ ಜನರ ದಿನಚರಿ ಕಾಣಬೇಕು ಅಂದರೆ ಈ ರಸ್ತೆಯಿಂದ ಹೊರಗೆ ಕಾಲಿಡಬೇಕು.

ಹತ್ತಿರದಲ್ಲಿ ಮೆಟ್ರೋ ಇಲ್ಲದಿರುವುದು ದೊಡ್ಡ ಕೊರತೆ. ಆದರೆ ಫ್ರಾ ಆಥಿತ್ ದೋಣಿಕಟ್ಟೆ ನಡೆದುಹೋಗುವಷ್ಟು ಹತ್ತಿರ. ಚಾವೊ ಪ್ರಾಯಾ ನದಿಯ ಕಿತ್ತಳೆ ಬಾವುಟದ ದೋಣಿ ಹತ್ತಿದ್ದು ನನಗೆ ಆ ಊರಿನ ಅತಿ ಖುಷಿಯ ಸವಾರಿ. ಕಂಡಕ್ಟರ್ ಕೈಯಲ್ಲಿ ಉದ್ದನೆಯ ಲೋಹದ ಡಬ್ಬಿ. ಒಳಗೆ ಚಿಲ್ಲರೆ, ಟಿಕೆಟ್ ಸುರುಳಿ ಎರಡೂ. ಅದನ್ನು ಟಕಟಕ ಅಲ್ಲಾಡಿಸಿಕೊಂಡು ಬರುತ್ತಾರೆ, ಮುಚ್ಚಳದಂಚಿಗೆ ಒತ್ತಿ ಟಿಕೆಟ್ ಹರಿದು ಕೊಡುತ್ತಾರೆ. ದೋಣಿಯ ಹಿಂಬದಿಯಲ್ಲಿ ಇನ್ನೊಬ್ಬ ಸೀಟಿ ಊದುತ್ತಾ ಚಾಲಕನಿಗೆ ದಡದ ಲೆಕ್ಕ ಹೇಳುತ್ತಾನೆ. ಹಗ್ಗ ಸುತ್ತಿ ಬಿಚ್ಚುವಷ್ಟರಲ್ಲಿ ಹತ್ತಿ ಇಳಿದು ಮುಗಿಯಬೇಕು. ಚಾರ್ಜು ಸುಮಾರು 16 ಬಾತ್. ವಾತ್ ಅರುಣ್ ದೇವಸ್ಥಾನದ ಗೋಪುರ ಇದೇ ದಾರಿಯಲ್ಲಿ ಕಾಣುತ್ತದೆ, ಬೇರೆ ಟೂರ್ ದೋಣಿಗೆ ದುಡ್ಡು ಸುರಿಯಬೇಕಾಗಿಲ್ಲ.

ಅಲ್ಲಿನ ರಾಜರ ಅರಮನೆಯ ಸುತ್ತಮುತ್ತ ಯಾರಾದರೂ ನಗುನಗುತ್ತಾ ಬಂದು "ಇವತ್ತು ಅರಮನೆ ರಜೆ, ಟುಕ್‌ಟುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸ್ತೀನಿ" ಅಂದರೆ ಕೇಳಿಸದವರ ಹಾಗೆ ಮುಂದೆ ನಡೆಯಿರಿ. ಸವಾರಿ ಮುಗಿಯುವುದು ಒಡವೆ ಅಂಗಡಿಯಲ್ಲಿ.

ಸೀಲೋಮ್ ಇದಕ್ಕೆ ಪೂರ್ತಿ ಉಲ್ಟಾ. ಆಫೀಸು, ಬ್ಯಾಂಕು, ಇಸ್ತ್ರಿ ಮಾಡಿದ ಶರ್ಟು. ಏರ್‌ಪೋರ್ಟ್ ರೈಲಿನಲ್ಲಿ ಫಯಾ ಥಾಯ್‌ಗೆ ಬಂದು, ಬಿಟಿಎಸ್ ಮೆಟ್ರೋ ಹತ್ತಿ, ಸಿಯಾಮ್‌ನಲ್ಲಿ ಬದಲಾಯಿಸಿದರೆ ಸೀಲೋಮ್‌ನ ಸಾಲಾ ಡೇಂಗ್ ನಿಲ್ದಾಣ. ಟ್ರಾಫಿಕ್‌ಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಆದರೆ ಮೇಲೆ ಓಡುವ ಬಿಟಿಎಸ್‌ಗೂ ನೆಲದಡಿಯ ಎಂಆರ್‌ಟಿಗೂ ಟಿಕೆಟ್ ಬೇರೆ ಬೇರೆ. ಅದೊಂದು ಕಿರಿಕಿರಿ.

ಹತ್ತಿರದ ಲುಂಪಿನಿ ಪಾರ್ಕಿನಲ್ಲಿ ನಾಯಿಗಿಂತ ಉದ್ದದ ಉಡಗಳು ಕೆರೆಯಿಂದ ಎದ್ದು ಹುಲ್ಲಿನ ಮೇಲೆ ಅಡ್ಡಾಡುತ್ತವೆ, ಪಕ್ಕದಲ್ಲಿ ಜನ ಆರಾಮಾಗಿ ಓಡುತ್ತಿರುತ್ತಾರೆ. ಸಂಜೆ 6ಕ್ಕೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಶುರುವಾದರೆ ಓಡುತ್ತಿದ್ದವರೆಲ್ಲ ಇದ್ದಲ್ಲೇ ನಿಲ್ಲುತ್ತಾರೆ. ನೀವೂ ನಿಂತುಬಿಡಿ. ಸೀಲೋಮ್ ರಸ್ತೆಯಲ್ಲೇ 19ನೇ ಶತಮಾನದಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿ ಇದೆ, ಬಣ್ಣಬಣ್ಣದ ಗೋಪುರ. ಒಳಗೆ ಹಣ್ಣುಕಾಯಿ ತಟ್ಟೆ ಹಿಡಿದು ನಿಂತವರಲ್ಲಿ ಹೆಚ್ಚಿನವರು ಥಾಯ್ ಜನ. ಚೆಂಡುಹೂವಿನ ಹಾರ, ಬಾಳೆಹಣ್ಣು, ಕರ್ಪೂರದ ವಾಸನೆ. ಒಂದು ಕ್ಷಣ ಎಲ್ಲಿದ್ದೇನೆ ಅಂತಲೇ ಮರೆತುಹೋಗುತ್ತದೆ. ಉಳಿದಂತೆ ಸೀಲೋಮ್ ಅನುಕೂಲದ ಜಾಗ, ಅಷ್ಟೇ. ಡಾರ್ಮ್ ಬಾಡಿಗೆ ನನಗೆ ಇಲ್ಲೇ ಜಾಸ್ತಿ ಬಿತ್ತು. ಸಂಜೆ ಎಲ್ಲರೂ ಅವರವರ ಫೋನ್ ಹಿಡಿದು ಮಲಗಿರುತ್ತಾರೆ, ಒಂಟಿತನ ಕಾಡುವುದು ಇಂಥ ಕಡೆಯೇ.

ಯಾವರಾತ್ ಅಂದರೆ ಚೀನಾ ಪೇಟೆ. ನನ್ನ ವೋಟು ಇದಕ್ಕೆ.

ಮೊದಲ ಕಾರಣ ಊಟ. ಬ್ಯಾಂಕಾಕ್‌ನಲ್ಲಿ ಬರೀ "ಮಾಂಸ ಬೇಡ" ಅಂದರೆ ಮಾಂಸ ಮಾತ್ರ ಬಿಡುತ್ತಾರೆ, ಮೀನಿನ ಸಾಸ್ ಹಾಗೇ ಬೀಳುತ್ತದೆ. "ಜೇ" ಅನ್ನಬೇಕು. ಚೀನೀ ಬೌದ್ಧರ ಕಟ್ಟುನಿಟ್ಟಿನ ಸಸ್ಯಾಹಾರ ಅದು. ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಧೈರ್ಯವಾಗಿ ಕೂತುಕೊಳ್ಳಿ. ಇಂಥ ಒಂದು ಗಾಡಿಯಲ್ಲಿ ಅಜ್ಜಿಯೊಬ್ಬರು ತೋಫು, ಅಣಬೆ, ಸೊಪ್ಪು ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ ತೋರಿಸಿ, ನಾನು ತಲೆ ಆಡಿಸಿದ ಮೇಲೆಯೇ ಬಟ್ಟಲಿಗೆ ಹಾಕಿದರು. ಸಾರು ಸಪ್ಪೆ ಅನ್ನಿಸಿದರೆ ಮೇಜಿನ ಮೇಲೆ ಖಾರದ ಪುಡಿ ಇದ್ದೇ ಇರುತ್ತದೆ. ಚಪಾತಿ ಬೇಕೆನಿಸಿದರೆ ಹತ್ತಿರದ ಪಾಹುರಾತ್‌ಗೆ ಹೋಗಿ, ಅಲ್ಲಿನ ಗುರುದ್ವಾರದಲ್ಲಿ ಲಂಗರ್ ಊಟ ಸಿಗುತ್ತದೆ.

ಎರಡನೆಯದು ಓಡಾಟ. 2019ರಲ್ಲಿ ವಾತ್ ಮಂಗ್‌ಕೋನ್ ಮೆಟ್ರೋ ನಿಲ್ದಾಣ ಬಂದ ಮೇಲೆ ಇಲ್ಲಿಗೆ ಬರುವ ತಾಪತ್ರಯ ತಪ್ಪಿದೆ. ದೋಣಿಕಟ್ಟೆಗೂ ನಡೆಯಬಹುದು. ವಾತ್ ತ್ರೈಮಿತ್‌ನ ಚಿನ್ನದ ಬುದ್ಧ ಇಲ್ಲೇ. ಗಾರೆ ಮೂರ್ತಿ ಅಂದುಕೊಂಡಿದ್ದರಂತೆ, 1955ರಲ್ಲಿ ಸಾಗಿಸುವಾಗ ಗಾರೆ ಉದುರಿ ಒಳಗಿದ್ದ ಚಿನ್ನ ಕಂಡಿತು. ತೂಕ ಸುಮಾರು 5.5 ಟನ್.

ಗಲಾಟೆ ಇಲ್ಲವೆಂದಲ್ಲ. ಹೊಗೆ, ಎಣ್ಣೆ, ಹಾರ್ನು, ಜನಜಂಗುಳಿ ಎಲ್ಲ ಇದೆ. ಆದರೆ ಖಾವ್‌ಸಾನ್‌ನ ಗದ್ದಲ ನಮಗಾಗಿ ಎಬ್ಬಿಸಿದ್ದು, ಇಲ್ಲಿಯದು ಅವರ ಪಾಡಿಗೆ ನಡೆಯುವ ವ್ಯಾಪಾರದ್ದು. ತಡರಾತ್ರಿ ಒಬ್ಬಳೇ ವಾಪಸ್ ನಡೆದು ಬರುವಾಗ ಬೀದಿ ತುಂಬ ಕುಟುಂಬಗಳು ಊಟ ಮಾಡುತ್ತಿರುತ್ತಿದ್ದವು. ಅದೇ ನನಗೆ ಧೈರ್ಯ.

ಮೊದಲ ಸಲ ದೇಶ ಬಿಟ್ಟು ಒಬ್ಬರೇ ಹೊರಟವರು, ಮಾತಿಗೆ ಜನ ಬೇಕು ಅನ್ನುವವರು ರಾಂಬುತ್ರಿಯಲ್ಲಿ ಶುರು ಮಾಡಿ ಆಮೇಲೆ ಯಾವರಾತ್‌ಗೆ ಬನ್ನಿ. ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವವರಿಗೆ ಸೀಲೋಮ್. ಇನ್ನೊಂದು ಮಾತು: ಚಿಯಾಂಗ್ ಮಾಯ್ ರಾತ್ರಿ ರೈಲು ಈಗ ಯಾವರಾತ್ ಪಕ್ಕದ ಹುವಾ ಲಂಫೊಂಗ್‌ನಿಂದ ಹೊರಡುವುದಿಲ್ಲ. 2023ರ ಜನವರಿಯಿಂದ ದೂರದ ರೈಲುಗಳು ಕ್ರುಂಗ್ ಥೇಪ್ ಅಫಿವಾತ್ ನಿಲ್ದಾಣಕ್ಕೆ ಹೋಗಿವೆ. ವಾತ್ ಮಂಗ್‌ಕೋನ್‌ನಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸದೆ ಬಾಂಗ್ ಸೂನಲ್ಲಿ ಇಳಿಯಬಹುದು, ನಿಲ್ದಾಣ ಅಲ್ಲೇ.